ಹಾರಿದ ಹನಿಯೋ, ಉಕ್ಕಿದ ನೊರೆಯೋ

ಹಾಲು ಏರುತ್ತಿತ್ತು. ಜರಡಿ ಅತ್ತೆ ಅದನ್ನು ನೋಡಿಯೂ ಬಾಯಿ ಬಿಡದೆ ಕುರ್ಚಿಯಲ್ಲಿ ಕುಳಿತಿದ್ದಳು.

ಒಲೆಗೆ ಬೆನ್ನು ಮಾಡಿ ಲೋಟ ತೊಳೆಯುತ್ತಿದ್ದ ಹುಡುಗನಿಗೆ ಚುಯ್ ಎಂಬ ಸದ್ದು ಕೇಳಿತು. ತಿರುಗಿದ. ನೊರೆ ಪಾತ್ರೆಯ ಅಂಚಿಗೆ ಬಂದಾಗಿತ್ತು. ಬೇರೆ ಯಾರೇ ಆಗಿದ್ದರೂ ಮೊದಲು ಒಲೆಯ ಗುಂಡಿಗೆ ಕೈ ಹಾಕುತ್ತಿದ್ದರು. ಇವನ ಕೈ ಹೋದದ್ದು ಪಕ್ಕದ ಎಣ್ಣೆ ಕುಡಿಕೆಗೆ. ಬೆರಳು ಅದ್ದಿ ಹಾಲಿನ ಮೇಲೆ ಚಿಮುಕಿಸಿದ. ನೊರೆ ಉಸಿರು ಬಿಟ್ಟ ಹಾಗೆ ಕುಸಿದು ಒಳಗೆ ಸೇರಿತು. ಆಮೇಲೆ ನಿಧಾನವಾಗಿ ಉರಿ ಸಣ್ಣ ಮಾಡಿದ.

"ಹಾಲಿಗೆ ಎಣ್ಣೆ ಹಾಕಿಬಿಟ್ಯಲ್ಲೋ," ಎಂದಳು ಅತ್ತೆ.

"ಕಾರ್ಖಾನೆ ಅಭ್ಯಾಸ, ಅತ್ತೆ. ಒಂದು ಹನಿ ತಾನೇ. ರುಚಿ ಗೊತ್ತಾಗಲ್ಲ."

"ಬೇರೆಯವರಿಗೆ ಗೊತ್ತಾಗಲ್ಲ. ನನಗೆ ಗೊತ್ತಾಗುತ್ತೆ."

ಈ ಮಾತಿನಲ್ಲಿ ಜಂಬವೇನೂ ಇರಲಿಲ್ಲ. ವಿಮೆ ಕಂಪನಿಗಾಗಿ ಕಾರ್ಖಾನೆಗಳ ಅಪಘಾತ ಕೆದಕಿ ಕೆದಕಿಯೇ ಅವಳ ತಲೆ ನೆರೆದಿತ್ತು. ಹಿಟ್ಟು ಕೆಳಗೆ, ಕಲ್ಲು ಮೇಲೆ ಎಂದು ಮಾತನ್ನು ಸೋಸುವವಳು ಅಂತ ಜೊತೆಯವರು ಜರಡಿ ಎಂದು ಕರೆದರು. ಬೀದಿಯ ಮಕ್ಕಳು ಅದಕ್ಕೆ ಅತ್ತೆ ಸೇರಿಸಿದರು. ಕೆಲಸದಿಂದ ನಿವೃತ್ತಿ ಸಿಕ್ಕಿತು, ಹೆಸರಿನಿಂದ ಸಿಗಲಿಲ್ಲ.

ಅವಳನ್ನು ಇಲ್ಲಿಗೆ ಕಳಿಸಿದ್ದು ಇವನ ಅಕ್ಕ. ಆಸ್ಪತ್ರೆಯ ಹಾಸಿಗೆಯಲ್ಲಿ, ಎರಡೂ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ ಅಕ್ಕ. "ಅತ್ತೆ, ನನ್ನ ತಮ್ಮ ತಪ್ಪು ಒಪ್ಕೊಂಡಿದ್ದಾನಂತೆ. ಅದು ಸುಳ್ಳು. ಯಾಕೆ ಸುಳ್ಳು ಹೇಳ್ತಿದ್ದಾನೆ ಅಂತ ಕಂಡುಹಿಡೀರಿ," ಎಂದಿದ್ದಳು.

ಅಕ್ಕ ತಮ್ಮ ಇಬ್ಬರಿಗೂ ಒಂದೇ ಕಾರ್ಖಾನೆಯಲ್ಲಿ ಕೆಲಸ. ಜಿಡ್ಡು ಕರಗಿಸಲು ಬಳಸಿ ಕೊಳೆಯಾದ ದ್ರಾವಕವನ್ನು ಮತ್ತೆ ಕಾಯಿಸಿ, ಆವಿ ಮಾಡಿ, ತಿಳಿಯಾಗಿ ಇಳಿಸುವ ಜಾಗ ಅದು. ಕಾಯಿಸುವ ಎತ್ತರದ ಉಕ್ಕಿನ ಗೋಪುರಕ್ಕೆ ಅಲ್ಲಿನವರು ಕಂಬ ಎನ್ನುತ್ತಾರೆ. ಕಂಬ ನಡೆಸುವವನು ತಮ್ಮ. ಮೇಲಿನಿಂದ ಇಳಿದು ಬಂದ ತಿಳಿಯನ್ನು ನಲ್ಲಿಯಲ್ಲಿ ಹಿಡಿದು ಪರೀಕ್ಷೆ ಮಾಡುವವಳು ಅಕ್ಕ. ಹೋದ ವಾರ ಅವಳು ಎಂದಿನಂತೆ ನಲ್ಲಿ ತಿರುಗಿಸಿದಳು. ತಿಳಿಯ ಬದಲು ಕಂಬದ ತಳದಲ್ಲಿರಬೇಕಾದ ಸುಡುವ ಕ್ಷಾರ ಬುಸ್ಸೆಂದು ಅವಳ ಮುಖಕ್ಕೆ ಹಾರಿತು.

ತಮ್ಮ ಅದೇ ದಿನ ಹೇಳಿಬಿಟ್ಟ. ಬೇಗ ಮುಗಿಸುವ ಆಸೆಗೆ ಸ್ಟೀಮು ಜಾಸ್ತಿ ಬಿಟ್ಟೆ, ತಳದ್ದು ಮೇಲಕ್ಕೆ ಹಾರಿತು, ತಪ್ಪು ನನ್ನದು ಎಂದು. ನಾಳೆ ಬೆಳಿಗ್ಗೆ ವಿಚಾರಣಾಧಿಕಾರಿಯ ಮುಂದೆ ಆ ಮಾತಿಗೆ ಸಹಿ ಹಾಕಬೇಕು. ಸಹಿ ಬಿದ್ದ ಕೂಡಲೇ ಅವನನ್ನು ಪೊಲೀಸರು ಕರೆದುಕೊಂಡು ಹೋಗುತ್ತಾರೆ. ನಾಳೆ ಬೆಳಿಗ್ಗೆಯೇ ಅಕ್ಕನ ಕಣ್ಣಿನ ಪಟ್ಟಿಯನ್ನೂ ಬಿಚ್ಚುತ್ತಾರೆ.

"ಸ್ಟೀಮು ಬಿಟ್ಟೆ ಅಂತೀಯ. ಆಗ ಕಂಬದ ಕಿಂಡಿ ಗಾಜಲ್ಲಿ ಏನು ಕಾಣಿಸ್ತು?" ಎಂದಳು ಅತ್ತೆ, ಲೋಟ ಕೈಗೆ ತೆಗೆದುಕೊಂಡು.

"ಏನು ಕಾಣುತ್ತೆ? ನೊರೆ."

"ಹೇಗಿತ್ತು?"

"ಮೆತ್ತಗೆ. ಕಂಬದೊಳಗಿನ ಒಂದು ತಟ್ಟೆ ತುಂಬಿತು, ಆಮೇಲೆ ಅದರ ಮೇಲಿಂದು..." ತಮ್ಮ ಒರೆಸಿದ ಲೋಟವನ್ನೇ ಇನ್ನೊಮ್ಮೆ ಒರೆಸಿದ. "ಸರಿಯಾಗಿ ನೋಡಲಿಲ್ಲ, ಅತ್ತೆ. ಸ್ಟೀಮು ಜಾಸ್ತಿ ಬಿಟ್ಟಿದ್ದೆ. ಅಷ್ಟೇ."

"ನಿಮ್ಮಕ್ಕ ನಿನ್ನನ್ನ ಕೇಳ್ತಿದ್ದಾಳೆ. ಒಂದು ಸಲಾನೂ ಆಸ್ಪತ್ರೆಗೆ ಹೋಗಿಲ್ವಂತೆ."

ಅವನ ಕಣ್ಣು ತುಂಬಿಬಂತು. ತಾಯಿ ಹೋದಾಗ ಇವನು ಇನ್ನೂ ಲಂಗೋಟಿ ಹುಡುಗ. ಸ್ನಾನ ಮಾಡಿಸಿ, ತಲೆ ಬಾಚಿ, ಮಗ್ಗಿ ಬಾಯಿಪಾಠ ಮಾಡಿಸಿದವಳು ಅಕ್ಕ. "ಯಾವ ಮುಖ ಇಟ್ಕೊಂಡು ಹೋಗ್ಲಿ," ಎಂದ. ಆ ಮಾತು ಮಾತ್ರ ಸುಳ್ಳಿನ ಹಾಗೆ ಕೇಳಲಿಲ್ಲ.

ಅತ್ತೆ ಹಾಲು ಕುಡಿದು ಎದ್ದಳು. ಎಣ್ಣೆಯ ರುಚಿ ಗೊತ್ತಾಗುತ್ತಿತ್ತು.

ವಿಮೆ ಕಂಪನಿಯ ಹಳೆಯ ಪರಿಚಯ ಹೇಳಿ ಅತ್ತೆ ಮೊದಲೇ ಫೋನ್ ಮಾಡಿದ್ದಳು. ಹಿರಿಯ ಎಂಜಿನಿಯರ್ ಕಾರ್ಖಾನೆಯ ಗೇಟಿಗೇ ಬಂದು ನಿಂತಿದ್ದರು. ಸಣ್ಣ ಮೈಕಟ್ಟು, ಒಗೆದು ಒಗೆದು ಬಣ್ಣ ಮಾಸಿದ ಅಂಗಿ, ಯಾರನ್ನೂ ಗದರಿಸಿದ ನೆನಪಿಲ್ಲದಂಥ ಮೆಲುದನಿ. ಕೈಯಲ್ಲಿ ತಗಡಿನ ಕನ್ನಡಕದ ಡಬ್ಬಿ. ಮಾತಾಡುವಾಗ ಹೆಬ್ಬೆರಳಿನಿಂದ ಅದರ ಮುಚ್ಚಳ ಎಬ್ಬಿಸುತ್ತಿದ್ದರು, ಮುಚ್ಚುತ್ತಿದ್ದರು. ಟಕ್. ಟಕ್. ಅದು ಅವರಿಗೆ ಗೊತ್ತೇ ಆಗುತ್ತಿರಲಿಲ್ಲ.

"ಮೊಹರು ತೆಗೆಸಿದ್ದೀನಿ, ಮೇಡಂ. ಆವತ್ತು ಸ್ಟೀಮು ಮುಚ್ಚಿದ ಮೇಲೆ ಯಾರೂ ಕಂಬ ಮುಟ್ಟಿಲ್ಲ. ಬನ್ನಿ, ನಾನೇ ತೋರಿಸ್ತೀನಿ," ಎಂದರು. ತಾವೇ ಒಂದು ಹೆಲ್ಮೆಟ್ ತೆಗೆದು ಅತ್ತೆಯ ತಲೆಗಿಟ್ಟು, ಪಟ್ಟಿ ಸರಿಮಾಡಿದರು.

ಕಂಬದ ಸುತ್ತ ಕಬ್ಬಿಣದ ಮೆಟ್ಟಿಲು ಹಾವಿನಂತೆ ಸುತ್ತಿಕೊಂಡು ಹೋಗಿತ್ತು. ಅತ್ತೆಯ ಮಂಡಿ ಗೊಣಗಿತು. ಮೊದಲನೆಯ ಅಟ್ಟಣೆಯಲ್ಲಿ ಇಬ್ಬರೂ ನಿಂತರು. ಅಲ್ಲಿ ಕಂಬದ ಉಕ್ಕಿಗೆ ಅಂಗೈಯಗಲದ ದುಂಡು ಗಾಜು ಕೂಡಿಸಿದ್ದರು. ಅದೇ ಥರದ್ದು ಪ್ರತಿ ಅಟ್ಟಣೆಗೂ ಒಂದೊಂದು.

"ಒಳಗೇನು ನಡೆಯುತ್ತೆ ಅಂತ ನನಗೆ ಬಿಡಿಸಿ ಹೇಳಿ. ದಡ್ಡಿಗೆ ಹೇಳಿದ ಹಾಗೆ," ಎಂದಳು ಅತ್ತೆ. ಗೊತ್ತಿದ್ದದ್ದನ್ನೂ ಕೇಳುವುದು ಅವಳ ಹಳೆಯ ಚಾಳಿ. ಜನ ವಿವರಿಸುವಾಗ ಯಾವುದನ್ನು ಹಾರಿಸುತ್ತಾರೆ ಎನ್ನುವುದರ ಮೇಲೆ ಅವಳ ಕಣ್ಣು.

ಎಂಜಿನಿಯರ್ ಏನನ್ನೂ ಹಾರಿಸಲಿಲ್ಲ. "ಒಳಗೆ ತಟ್ಟೆ ಮೇಲೆ ತಟ್ಟೆ ಜೋಡಿಸಿದ್ದೀವಿ, ತಟ್ಟೆ ತುಂಬ ತೂತು. ಮೇಲಿಂದ ದ್ರವ ಇಳಿಯುತ್ತೆ. ಒಂದು ತಟ್ಟೆ ಮೇಲೆ ಹರಿದು, ಅಂಚಿನ ಗಿಡ್ಡ ಒಡ್ಡು ದಾಟಿ, ಕೆಳಗಿನ ತಟ್ಟೆಗೆ ಬೀಳುತ್ತೆ. ಕೆಳಗಿಂದ ಆವಿ ತೂತುಗಳಲ್ಲಿ ನುಗ್ಗಿ ಮೇಲೆ ಬರುತ್ತೆ. ಎರಡೂ ಸೇರೋ ಕಡೆ ದ್ರವ ಕುದ್ದು ನೊರೆಯಾಗುತ್ತೆ. ನೊರೆ ಬೇಕೇ ಬೇಕು. ಆವಿಗೂ ದ್ರವಕ್ಕೂ ಕೊಡೋದು ತಗೊಳ್ಳೋದು ನಡೆಯೋದು ಅಲ್ಲೇ. ಹೀಗೆ ಒಂದೊಂದು ತಟ್ಟೆ ಏರಿದಾಗಲೂ ಆವಿ ಶುದ್ಧ ಆಗ್ತಾ ಹೋಗುತ್ತೆ. ಕೊಳಕು, ಕ್ಷಾರ ಎಲ್ಲ ತಳದಲ್ಲೇ ಉಳಿಯುತ್ತೆ."

"ಆವತ್ತು ಉಳೀಲಿಲ್ಲ."

"ಉಳೀಲಿಲ್ಲ." ಟಕ್. "ಸ್ಟೀಮು ಜಾಸ್ತಿ ಆದ್ರೆ ಆವಿ ಜೋರಾಗುತ್ತೆ. ನೊರೆ ಮೇಲಿಂದ ಹನಿಗಳನ್ನ ಕಿತ್ಕೊಂಡು ಮೇಲಿನ ತಟ್ಟೆಗೆ ಎಸೆಯುತ್ತೆ. ಅಲ್ಲಿಂದ ಅದರ ಮೇಲಿನದಕ್ಕೆ. ತಳದ್ದು ತುದಿಗೆ ಹೋಗುತ್ತೆ. ತಿಳಿ ಬರೋ ನಲ್ಲಿ ಹತ್ರ ಯಾರೂ ಕಣ್ಣಿಗೆ ರಕ್ಷಣೆ ಹಾಕ್ಕೊಳಲ್ಲ, ಮೇಡಂ. ಮೇಲಿನದು ಶುದ್ಧ ಅನ್ನೋ ಧೈರ್ಯ. ಅದು ನಮ್ಮೆಲ್ಲರ ತಪ್ಪು. ನಂದೂ ಹೌದು."

ಇಷ್ಟು ನೇರವಾಗಿ ಮಾತಾಡುವವರನ್ನು ಕಂಡರೆ ಅತ್ತೆಗೆ ಇಷ್ಟ. ಅವಳು ಚೀಲದಿಂದ ಟಾರ್ಚು ತೆಗೆದು ಗಾಜಿಗೆ ಓರೆಯಾಗಿ ಹಿಡಿದು, ಮೂಗು ತಾಗುವಷ್ಟು ಹತ್ತಿರ ಬಗ್ಗಿದಳು.

ಒಳಮೈಯಲ್ಲಿ ಬಿಳಿಯ ಕಲೆ ಒಣಗಿ ಅಂಟಿತ್ತು. ಕ್ಷಾರ ಒಣಗಿದರೆ ಬಿಳಿಯಾಗಿ ಕೂರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಕಲೆ ಹೇಗಿದೆ ಎನ್ನುವುದು ಪ್ರಶ್ನೆ. ಅವಳು ಬಹಳ ಹೊತ್ತು ನೋಡಿದಳು. ಮೇಲಿನ ಅಟ್ಟಣೆಗೆ ಹತ್ತಿ ಅಲ್ಲೂ ನೋಡಿದಳು. ಅದರ ಮೇಲಿನದಕ್ಕೂ ಹತ್ತಿದಳು. ಎಂಜಿನಿಯರ್ ಹಿಂದೆ ಹಿಂದೆ ಬಂದರು.

ತುದಿಯ ಅಟ್ಟಣೆಯಲ್ಲಿ ಗಾಳಿ ತಣ್ಣಗಿತ್ತು. ಕೆಳಗೆ ಅಂಗಳದಲ್ಲಿ ಯಾರೋ ಪೀಪಾಯಿ ಉರುಳಿಸುತ್ತಿದ್ದರು. ಅತ್ತೆ ಕಟಕಟೆಗೆ ಒರಗಿ ಉಸಿರು ಸುಧಾರಿಸಿಕೊಂಡಳು.

"ಎಂಜಿನಿಯರ್ರೇ, ಹನಿ ಹಾರಿ ಗಾಜಿಗೆ ಬಡಿದ್ರೆ ಕಲೆ ಹೇಗಿರುತ್ತೆ?"

"ಚುಕ್ಕೆ ಚುಕ್ಕೆಯಾಗಿ. ಎರಚಿದ ಹಾಗೆ."

"ಕೆಳಗಿನ ಗಾಜಲ್ಲಿ ಜಾಸ್ತಿ, ಮೇಲಿನ ಗಾಜಲ್ಲಿ ಕಡಿಮೆ. ಅಲ್ವಾ? ಒಂದೊಂದು ತಟ್ಟೆ ದಾಟಿದಾಗಲೂ ಅಲ್ಲಿನ ತಿಳಿ ಸೇರಿ ಕ್ಷಾರ ತೆಳುವಾಗಬೇಕಲ್ಲ."

"ಹೌದು."

"ಹಾಗಿದ್ರೆ ಇಲ್ಲಿ ನೋಡಿ." ಟಾರ್ಚು ಅವರ ಕೈಗೆ ಕೊಟ್ಟಳು.

ಎಂಜಿನಿಯರ್ ಡಬ್ಬಿಯಿಂದ ಕನ್ನಡಕ ತೆಗೆದು ಹಾಕಿಕೊಂಡು ಬಗ್ಗಿದರು. ಗಾಜಿನಲ್ಲಿ ಚುಕ್ಕೆಗಳಿರಲಿಲ್ಲ. ಕೂದಲೆಳೆಯಂಥ ಗೆರೆಗಳು ಒಂದಕ್ಕೊಂದು ಕೂಡಿಕೊಂಡು ಬಲೆಯಾಗಿದ್ದವು. ಜೇನುಹಲ್ಲೆಯ ಕೋಣೆಗಳ ಹಾಗೆ ಗುಳ್ಳೆಯ ಪಕ್ಕ ಗುಳ್ಳೆಯ ಗುರುತು, ಕೆಳಗಿನ ತಟ್ಟೆಯಿಂದ ಹಿಡಿದು ಮೇಲಿನ ತಟ್ಟೆಯ ತಳದವರೆಗೆ ಎಲ್ಲೂ ಬಿಡುವಿಲ್ಲದೆ.

"ಇದೇ ಬಲೆ ಎಲ್ಲ ಗಾಜಲ್ಲೂ ಇದೆ," ಎಂದಳು ಅತ್ತೆ. "ಇಲ್ಲಿ ಯಾವ ಹನಿನೂ ಹಾರಿಲ್ಲ. ನೊರೆ ಒಡೀಲೇ ಇಲ್ಲ. ತಟ್ಟೆ ತುಂಬಿ, ಮೇಲಿನ ತಟ್ಟೆಯ ತೂತು ಹೊಕ್ಕು, ಅದನ್ನೂ ತುಂಬಿ, ಮೆತ್ತಗೆ ಏರಿದೆ. ಹೋಗ್ತಾ ಕ್ಷಾರವನ್ನ ಕಂಕುಳಲ್ಲಿ ಹೊತ್ಕೊಂಡು ಹೋಗಿದೆ. ಇದಕ್ಕೆ ಜೋರು ಸ್ಟೀಮು ಬೇಕಿಲ್ಲ. ದಿನದ ಸ್ಟೀಮೇ ಸಾಕು. ಆ ಹುಡುಗನ ಹಾಲು ಉಕ್ಕಿದಾಗ ಅವನ ಕೈ ಉರಿಗೆ ಹೋಗಲಿಲ್ಲ, ಎಣ್ಣೆಗೆ ಹೋಯ್ತು. ಆವತ್ತೂ ಅವನು ಹೋರಾಡಿದ್ದು ನೊರೆ ಜೊತೆ. ಸ್ಟೀಮು ಬಿಟ್ಟೆ ಅನ್ನೋದು ಕಟ್ಟುಕತೆ."

ಎಂಜಿನಿಯರ್ ಬಗ್ಗಿದವರು ಏಳಲಿಲ್ಲ. ಟಾರ್ಚಿನ ಬೆಳಕು ಗಾಜಿನ ಮೇಲೆ ಅಲ್ಲಾಡದೆ ನಿಂತಿತ್ತು.

"ದ್ರಾವಕದ ನೊರೆ ಹೀಗೆ ಒಡೆಯದೇ ಇರಬೇಕಾದ್ರೆ ಅದಕ್ಕೆ ಏನೋ ಬೆರೆತಿರಬೇಕು. ನೀವು ಓದಿದವರು, ನಿಮಗೆ ಹೊಳೀಲಿಲ್ಲ ಅಂದ್ರೆ ನಾನು ನಂಬಲ್ಲ," ಎಂದಳು ಅತ್ತೆ. ದನಿ ಏರಿಸಲಿಲ್ಲ. "ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ನಿಮಗೂ ಗೊತ್ತು. ಒಬ್ಬ ಅಮಾಯಕ ನಾಳೆ ಸಹಿ ಹಾಕ್ತಾನೆ. ನೀವು ಸುಮ್ಮನೆ ನೋಡ್ತಾ ಕೂತಿದ್ದೀರಿ. ಯಾಕೆ?"

ಎಂಜಿನಿಯರ್ ಕನ್ನಡಕ ತೆಗೆದರು. ಮುಖ ಒಮ್ಮೆಲೇ ಹತ್ತು ವರ್ಷ ಮುದಿಯಾದಂತೆ ಕಂಡಿತು. "ಬನ್ನಿ," ಎಂದರು. "ನೋಡೋದು ಇನ್ನೊಂದಿದೆ."

ಪರೀಕ್ಷೆಯ ಕೋಣೆ ಕಂಬದ ಬುಡದಲ್ಲೇ ಇತ್ತು. ಹಲಗೆಯ ಮೇಲೆ ಸೀಸೆಗಳು ಸಾಲಾಗಿ ಬೋರಲು ಮಲಗಿದ್ದವು. ಕಿಟಕಿಯ ಮೊಳೆಗೆ ಅಕ್ಕನ ನೀಲಿ ಕೋಟು ನೇತುಹಾಕಿದ್ದರು. ಅದರ ಜೇಬಿನಿಂದ ಬಾಚಣಿಗೆಯ ತುದಿ ಇಣುಕುತ್ತಿತ್ತು.

ಎಂಜಿನಿಯರ್ ತೊಳೆಯುವ ತೊಟ್ಟಿಯ ಕೆಳಗೆ ಬೆರಳು ತೋರಿದರು. ಎರಡು ಡಬ್ಬ. ಒಂದೇ ಅಳತೆ, ಒಂದೇ ಬೂದು ಬಣ್ಣ, ಎರಡಕ್ಕೂ ಒಂದೇ ಥರದ ತಿರುಪು ಮುಚ್ಚಳ.

"ಪರೀಕ್ಷೆ ಮಾಡಿ ಉಳಿದದ್ದನ್ನ ಚೆಲ್ಲಬಾರದು ಅಂತ ಇಲ್ಲಿಯ ನಿಯಮ. ನಾನೇ ಮಾಡಿದ್ದು. ಉಳಿಕೆಯೆಲ್ಲ ಒಂದು ಡಬ್ಬಕ್ಕೆ. ದಿನಾ ಮಧ್ಯಾಹ್ನ ಆ ಡಬ್ಬವನ್ನ ಕಂಬಕ್ಕೆ ಹೋಗೋ ದೊಡ್ಡ ಟ್ಯಾಂಕಿಗೆ ವಾಪಸ್ ಸುರೀಬೇಕು. ಅದು ಅವಳ ಕೆಲಸ. ಇನ್ನೊಂದು ಡಬ್ಬದಲ್ಲಿ ಇರೋದು ಸೀಸೆ ತೊಳೆಯೋ ಸೋಪಿನ ಗಟ್ಟಿ ನೀರು."

ಅತ್ತೆ ಕುಕ್ಕರಗಾಲಲ್ಲಿ ಕೂತು ಡಬ್ಬಗಳನ್ನು ಎತ್ತಿ ನೋಡಿದಳು. ಒಂದು ಭಾರ, ಒಂದು ಹಗುರ. ಭಾರದ್ದರ ಮುಚ್ಚಳ ತಿರುಗಿಸಿ ಮೂಸಿದಳು. ದ್ರಾವಕ. ಹಗುರದ್ದು ಖಾಲಿ, ತಳದಲ್ಲಿ ಒಣಗಿದ ಸೋಪಿನ ಪೊರೆ. ಅದರ ಹಿಡಿಗೆ ಯಾರೋ ಹಳೆಯ ಬಟ್ಟೆಯ ಚೂರೊಂದನ್ನು ಬಿಗಿಯಾಗಿ ಸುತ್ತಿ ಗಂಟು ಹಾಕಿದ್ದರು. ಅತ್ತೆಯ ಬೆರಳು ಆ ಗಂಟಿನ ಮೇಲೆ ಒಂದು ಕ್ಷಣ ನಿಂತಿತು.

"ಸುರಿಯಬೇಕಾದದ್ದು ಇಲ್ಲೇ ಇದೆ. ಸುರಿಯಬಾರದ್ದು ಹೋಗಿದೆ," ಎಂದಳು.

"ಹೌದು. ಸೋಪು ಬಿದ್ದ ಮೇಲೆ ನೊರೆ ಎಲ್ಲಿ ಒಡೆಯುತ್ತೆ?" ಎಂಜಿನಿಯರ್ ಸ್ಟೂಲಿನ ಮೇಲೆ ಕುಳಿತರು. "ಅವಳದೇ ಕೈ, ಮೇಡಂ. ಅವಳೇ ಡಬ್ಬ ಅದಲುಬದಲು ಮಾಡ್ಕೊಂಡು ಸುರಿದಳು. ಅವಳೇ ಬಂದು ನಲ್ಲಿ ತಿರುಗಿಸಿದಳು. ಆವತ್ತು ನಾನು ಆ ಕಡೆ ಕಟ್ಟಡದಲ್ಲಿದ್ದೆ, ಈ ಕಡೆ ಬಂದೇ ಇರಲಿಲ್ಲ. ಕೂಗು ಕೇಳಿ ಓಡಿ ಬಂದೆ. ಅವಳನ್ನ ಆಸ್ಪತ್ರೆಗೆ ಕಳಿಸಿ ಇಲ್ಲಿ ನೋಡಿದ್ರೆ, ಹೀಗೆ."

"ತಮ್ಮನಿಗೆ ಹೇಳಿದ್ರಾ?"

"ಹೇಳಿದೆ. ಹೇಳಬಾರದಿತ್ತು. ಅವನು ನನ್ನ ಕಾಲು ಹಿಡ್ಕೊಂಡ." ಟಕ್. ಟಕ್. "'ಸಾರ್, ತನ್ನ ಕಣ್ಣು ತಾನೇ ಕಳ್ಕೊಂಡೆ ಅಂತ ಗೊತ್ತಾದ್ರೆ ಅಕ್ಕ ಬದುಕಲ್ಲ. ನನ್ನನ್ನ ಬೈದುಕೊಂಡಾದ್ರೂ ಬದುಕಲಿ. ನಾನು ಸ್ಟೀಮು ಬಿಟ್ಟೆ ಅಂತ ಹೇಳ್ತೀನಿ, ನೀವು ತಡೀಬೇಡಿ' ಅಂದ. ನಾನು ತಡೀಲಿಲ್ಲ. ಇಷ್ಟೇ ನನ್ನ ಅಪರಾಧ."

ಅತ್ತೆ ನೆಲದಿಂದ ಏಳಲು ಎಂಜಿನಿಯರ್ ಕೈ ಕೊಟ್ಟರು. ಅವಳು ಹಿಡಿದುಕೊಂಡಳು.

ಅವಳಿಗೆ ಗೆದ್ದ ಸಂತೋಷ ಇರಬೇಕಿತ್ತು. ತಮ್ಮನ ಸುಳ್ಳು ಹಿಡಿದಾಗಿತ್ತು, ಕಾರಣವೂ ಸಿಕ್ಕಿತ್ತು. ಆದರೆ ಈ ಗೆಲುವನ್ನು ಯಾರ ಮುಂದೆ ಇಡುವುದು? ತಮ್ಮನನ್ನು ಉಳಿಸು ಎಂದವಳು ಅಕ್ಕ. ಉಳಿಸಬೇಕಾದರೆ ಅಕ್ಕನಿಗೆ ಹೇಳಬೇಕಾದದ್ದು ಇದು. ಅತ್ತ ದರಿ, ಇತ್ತ ಪುಲಿ. ಹೇಳಿದರೆ ಅಕ್ಕ ಮುರಿದುಹೋಗುತ್ತಾಳೆ, ಹೇಳದಿದ್ದರೆ ತಮ್ಮ ಜೈಲಿಗೆ ಹೋಗುತ್ತಾನೆ. ವಿಮೆಯ ಕೆಲಸದಲ್ಲಿ ಇಂಥ ಪೀಕಲಾಟ ಇರಲಿಲ್ಲ. ಅಲ್ಲಿ ನಿಜ ಬರೆದು ಕೊಟ್ಟು ಮನೆಗೆ ಹೋಗಿ ಮಲಗಬಹುದಿತ್ತು.

"ಆಸ್ಪತ್ರೆಗೆ ಹೋಗ್ತೀರಾ?" ಎಂದರು ಎಂಜಿನಿಯರ್. "ನನ್ನ ಕಾರಲ್ಲೇ ಬಿಡ್ತೀನಿ. ಅವಳಿಗೆ ಹೇಳೋದೋ ಬಿಡೋದೋ ನಿಮಗೆ ಬಿಟ್ಟದ್ದು. ನನ್ನ ಕೇಳಿದ್ರೆ..." ಅವರು ತಲೆ ಅಲ್ಲಾಡಿಸಿದರು. "ಆ ಹುಡುಗನ ತ್ಯಾಗ ನೀರಿಗೆ ಹಾಕಬೇಡಿ."

ಕಾರು ಹೊರಟಿತು. ಬಿಸಿಲು ಇಳಿಮುಖವಾಗಿತ್ತು. ಅಂಗಡಿಯವರು ಬಾಗಿಲ ಮುಂದೆ ನೀರು ಚಿಮುಕಿಸುತ್ತಿದ್ದರು. ಅತ್ತೆಯ ಬೆರಳ ತುದಿಯಲ್ಲಿ ಆ ಬಟ್ಟೆಯ ಗಂಟು ಇನ್ನೂ ಕುಳಿತೇ ಇತ್ತು. ಅದೇನು ಹೇಳುತ್ತಿದೆ ಎಂದು ಅವಳಿಗೆ ತಿಳಿಯಲಿಲ್ಲ.

ಅಕ್ಕ ದಿಂಬಿಗೆ ಒರಗಿ ಕೂತಿದ್ದಳು. ಕೆನ್ನೆಯ ಮೇಲಿನ ಸುಟ್ಟ ಗಾಯಕ್ಕೆ ಮುಲಾಮು ಹೊಳೆಯುತ್ತಿತ್ತು. ತಲೆ ಬಾಚಿ ಜಡೆ ಹಾಕಿಸಿಕೊಂಡಿದ್ದಳು.

"ಅತ್ತೆ ಬಂದ್ರಾ? ಚಪ್ಪಲಿ ಎಳೆಯೋದು ಕೇಳಿದ ಕೂಡಲೇ ಗೊತ್ತಾಯ್ತು," ಎಂದು ನಕ್ಕಳು. "ಏನು ಶೃಂಗಾರ ಅಂತ ನೋಡ್ತಿದ್ದೀರಾ? ನಾಳೆ ಪಟ್ಟಿ ಬಿಚ್ತಾರೆ. ಬಿಚ್ಚಿದಾಗ ಎದುರಿಗೆ ಅವನೇ ನಿಂತಿರಬೇಕು. ಕಂಡ್ರೆ ಅವನ ಮುಖ ಕಾಣಬೇಕು. ಕಾಣದೇ ಇದ್ರೆ, ಅವನ ಕೈಯಾದ್ರೂ ಸಿಗಬೇಕು. ಅಷ್ಟು ಮಾಡಿಕೊಡಿ, ಅತ್ತೆ. ಇನ್ನೇನೂ ಕೇಳಲ್ಲ."

ಅತ್ತೆ ಹಾಸಿಗೆಯ ಅಂಚಿಗೆ ಕೂತು ಅವಳ ಕೈ ತನ್ನ ಮಡಿಲಿಗೆ ತೆಗೆದುಕೊಂಡಳು. ಹೇಳುವುದೇ, ಬೇಡವೇ? ಬಾಗಿಲು ಅರ್ಧ ತೆರೆದಿತ್ತು. ಎಂಜಿನಿಯರ್ ಮರ್ಯಾದೆಯಿಂದ ಕಾರಿಡಾರಿನ ಆ ತುದಿಯಲ್ಲೇ ನಿಂತಿದ್ದರು.

ಕೊನೆಗೆ ಅವಳು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಒಂದು ಪ್ರಶ್ನೆ ಹಾಕಿದಳು. "ಸೋಪಿನ ಡಬ್ಬಕ್ಕೆ ಬಟ್ಟೆ ಸುತ್ತಿದ್ದು ನೀನೇನಾ?"

"ಹೂಂ. ನನ್ನ ಹಳೇ ಲಂಗದ ಅಂಚು. ಯಾಕೆ?"

"ಸುಮ್ಮನೆ ಕೇಳಿದೆ. ಚೆನ್ನಾಗಿ ಗಂಟು ಹಾಕಿದ್ದೀಯ."

"ಎರಡೂ ಒಂದೇ ಥರ ಅಲ್ವಾ, ಅತ್ತೆ? ಬಗ್ಗಿ ನೋಡೋಕೆ ಸೊಂಟ ನೋವು. ಕೈ ಹಾಕಿದ್ರೆ ಗೊತ್ತಾಗಬೇಕು, ಬಟ್ಟೆ ಇದ್ರೆ ಸೋಪು, ಇಲ್ದಿದ್ರೆ ಉಳಿಕೆ. ನಾನು ಆ ಡಬ್ಬಗಳನ್ನ ಯಾವತ್ತೂ ಕಣ್ಣಿಂದ ಗುರುತು ಹಿಡಿದೇ ಇಲ್ಲ. ಈಗ ಅದೇ ಅಭ್ಯಾಸ ಕೆಲಸಕ್ಕೆ ಬರುತ್ತೋ ಏನೋ."

ಕೈಯಿಂದ ಗುರುತು ಹಿಡಿಯುವವಳು ಬಟ್ಟೆ ಸುತ್ತಿದ ಹಿಡಿಯನ್ನು ಹಿಡಿದು ಟ್ಯಾಂಕಿನವರೆಗೆ ನಡೆದು ಹೋಗುವುದಿಲ್ಲ. ಸುರಿದವರಿಗೆ ಆ ಬಟ್ಟೆಯ ಅರ್ಥ ಗೊತ್ತಿರಲಿಲ್ಲ.

"ಆವತ್ತು ಉಳಿಕೆ ಸುರಿದದ್ದು ನೀನೇ ತಾನೇ?"

ಮಡಿಲಲ್ಲಿದ್ದ ಅಕ್ಕನ ಕೈ ಬಿಗಿಯಾಯಿತು.

"ಒಂದು ಮಾತು ಮುಚ್ಚಿಟ್ಟಿದ್ದೆ, ಅತ್ತೆ. ಬೈಬೇಡಿ. ಆವತ್ತು ನಾನು ಸುರೀಲಿಲ್ಲ. ಸೀಸೆ ತೊಳೆದು ಕೈ ಒರೆಸಿಕೊಂಡು ಬರೋಷ್ಟರಲ್ಲಿ, ಟ್ಯಾಂಕಿನ ಹಿಂದೆ ಯಾರೋ ಸುರೀತಿರೋ ಸದ್ದು ಕೇಳಿಸ್ತು. ಇವನೇ ಇರಬೇಕು, ಅಕ್ಕನಿಗೆ ಸೊಂಟ ನೋವು ಅಂತ ತಾನೇ ಸುರೀತಿದ್ದಾನೆ ಅಂದ್ಕೊಂಡೆ. ಕಂಬ ಬಿಟ್ಟು ಬರಬಾರದು ಅವನು, ನಿಯಮ ಇದೆ. ಅದಕ್ಕೇ ಯಾರಿಗೂ ಹೇಳಲಿಲ್ಲ. ನೋಡಲೂ ಹೋಗಲಿಲ್ಲ, ನೇರ ನಲ್ಲಿ ಹತ್ರ ಹೋದೆ."

ತಮ್ಮ ಅಕ್ಕನನ್ನು ಮುಚ್ಚಿದ್ದ, ಅಕ್ಕ ತಮ್ಮನನ್ನು ಮುಚ್ಚಿದ್ದಳು. ಇಬ್ಬರ ಸೆರಗಿನ ನಡುವೆ ಮೂರನೆಯವರು ಯಾರೋ ಬೆಚ್ಚಗೆ ಕೂತಿದ್ದರು. ಅತ್ತೆಗೆ ಸಿಟ್ಟು ಬಂತು. ಈ ಮಕ್ಕಳ ಮೇಲಲ್ಲ, ತನ್ನ ಮೇಲೆ. ಅಷ್ಟು ಅಚ್ಚುಕಟ್ಟಾಗಿ ಕೈಗಿಟ್ಟ ನಿಜವನ್ನು ತಾನು ಸೋಸದೆಯೇ ನುಂಗಿದ್ದಳಲ್ಲ.

"ಅವನು ಕಂಬ ಬಿಟ್ಟು ಬರಲಿಲ್ಲ, ಮಗಾ," ಎಂದಳು ಮೆಲ್ಲಗೆ. "ಆಗ ಅವನು ಮೇಲೆ ಗಾಜಿನ ಹತ್ರ ಇದ್ದ. ನೊರೆ ಏರೋದನ್ನ ಒಂದೊಂದೇ ತಟ್ಟೆ ನೋಡಿದ್ದಾನೆ. ಬಾಯಿ ತಪ್ಪಿ ನನಗೆ ಹೇಳಿದ್ದಾನೆ. ನೆನಪು ಮಾಡ್ಕೋ. ಸುರಿಯೋ ಸದ್ದು ಬಿಟ್ಟು ಇನ್ನೇನಾದ್ರೂ ಕೇಳಿಸ್ತಾ? ಕೆಮ್ಮು? ಮಾತು?"

"ಮಾತಿಲ್ಲ. ಸುರಿದ ಮೇಲೆ ಒಂದು ಸದ್ದು ಬಂತು. ಸಣ್ಣದು. ಡಬ್ಬದ ಕೊಕ್ಕೆ ಹಾಕಿದ ಹಾಗೆ, ಎರಡು ಸಲ." ಅಕ್ಕ ತುಟಿ ಕಚ್ಚಿಕೊಂಡಳು. "ಈಗ ಯೋಚನೆ ಮಾಡಿದ್ರೆ ವಿಚಿತ್ರ. ನಮ್ಮ ಡಬ್ಬಕ್ಕೆ ಕೊಕ್ಕೆನೇ ಇಲ್ವಲ್ಲ. ತಿರುಪು ಮುಚ್ಚಳ."

ಕಾರಿಡಾರಿನಲ್ಲಿ ಹೆಜ್ಜೆಗಳು ಹತ್ತಿರವಾದವು. ಅವಸರದ ಹೆಜ್ಜೆಗಳಲ್ಲ. ಬಾಗಿಲ ಹತ್ತಿರ ಬಂದು ನಿಂತವು.

ಟಕ್. ಟಕ್.

ಅಕ್ಕನ ಬೆರಳುಗಳು ಅತ್ತೆಯ ಮಣಿಕಟ್ಟನ್ನು ಕಚ್ಚಿ ಹಿಡಿದವು. ಪಟ್ಟಿ ಕಟ್ಟಿದ ಮುಖ ಬಾಗಿಲ ಕಡೆ ತಿರುಗಿತು.

"ಅತ್ತೆ," ಎಂದಳು ಪಿಸುದನಿಯಲ್ಲಿ, "ನಿಮ್ಮ ಜೊತೆ ಬಂದಿರೋದು ಯಾರು?"

ಎಂಜಿನಿಯರ್ ಬಾಗಿಲನ್ನು ಮೆಲ್ಲಗೆ ದೂಡಿ ಒಳಗೆ ಬಂದರು. ಮುಖದಲ್ಲಿ ನಿಜವಾದ ದುಃಖವಿತ್ತು; ಅತ್ತೆಗೆ ಆಮೇಲೂ ಬಹಳ ದಿನ ಅರ್ಥವಾಗದೆ ಉಳಿದದ್ದು ಅದೇ.

"ಈಗ ಫೋನ್ ಬಂತು, ಮೇಡಂ," ಎಂದರು. "ನೀವು ಹೋಗಿ ಬಂದ ಮೇಲೆ ಹುಡುಗನಿಗೆ ಹೆದರಿಕೆ ಆಯ್ತೇನೋ. ನಾಳೆವರೆಗೆ ಕಾಯಲಿಲ್ವಂತೆ. ತಾನೇ ಅಧಿಕಾರಿ ಹತ್ರ ಹೋಗಿ ಸಹಿ ಹಾಕಿದ್ನಂತೆ. ಕರ್ಕೊಂಡು ಹೋದ್ರಂತೆ."

ಅಷ್ಟು ಹೇಳಿ, ಕನ್ನಡಕ ತೆಗೆದು, ಡಬ್ಬಿಯೊಳಗಿಟ್ಟು ಮುಚ್ಚಿದರು.